ಪುಣೆಯ ಕನ್ನಡಿಗರೇ, ಈ ಸಂಕ್ರಮಣಕ್ಕೆ ವೋಟು ತಪ್ಪಿಸಬೇಡಿ

ಸಂಪಾದಕರೇ, ನಮಸ್ಕಾರ.

2026ರ ಜನವರಿ 15ರ ಗುರುವಾರ ಪುಣೆ ಮಹಾನಗರ ಪಾಲಿಕೆಗೆ ಮತದಾನ. ಸಂಕ್ರಮಣದ ಮಾರನೇ ದಿನ, ನಮ್ಮ ಕಡೆಯವರ ಲೆಕ್ಕದಲ್ಲಿ ಕರಿ. ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಸೊಲ್ಲಾಪುರದಲ್ಲೂ ಸಿದ್ಧೇಶ್ವರ ಜಾತ್ರೆ. ಪುಣೆಯಲ್ಲಿ ದುಡಿಯುವ ಉತ್ತರ ಕರ್ನಾಟಕದ ಬಹಳಷ್ಟು ಜನ ಆ ವಾರ ಊರಲ್ಲೇ ಇರುತ್ತಾರೆ. ಈ ಸಲ ಹಾಗಾಗಬಾರದು ಅಂತ ಹೇಳೋದಕ್ಕೇ ಈ ಪತ್ರ. ನಿಮ್ಮ ಪತ್ರಿಕೆಯನ್ನು ಪುಣೆಯಲ್ಲಿ ಓದುವವರೂ ಇದ್ದಾರೆ, ಊರಲ್ಲಿ ಕುಳಿತು ಪುಣೆಯಲ್ಲಿರುವ ಮಗನಿಗೆ "ಹಬ್ಬಕ್ಕ ಯಾವಾಗ ಬರ್ತೀಯಪಾ" ಅಂತ ಫೋನ್ ಮಾಡುವವರೂ ಇದ್ದಾರೆ. ಇಬ್ಬರೂ ಓದಬೇಕು ಅಂತ ನನ್ನ ಆಸೆ.

ಪುಣೆಯಲ್ಲಿ ಕಳೆದ ಸಲ ಪಾಲಿಕೆ ಚುನಾವಣೆ ನಡೆದದ್ದು 2017ರ ಫೆಬ್ರುವರಿಯಲ್ಲಿ. ಗೆದ್ದವರ ಅವಧಿ 2022ರ ಮಾರ್ಚ್‌ಗೆ ಮುಗಿಯಿತು. ಅಲ್ಲಿಂದ ಈಚೆಗೆ ನಗರಸೇವಕರೇ, ಅಂದರೆ ಕಾರ್ಪೊರೇಟರ್‌ಗಳೇ, ಇಲ್ಲ. ಆಯುಕ್ತರೇ ಆಡಳಿತಾಧಿಕಾರಿ. ಬಜೆಟ್ ಮಾಡುವವರೂ ಅವರೇ, ಅದಕ್ಕೆ ಒಪ್ಪಿಗೆ ಕೊಡುವವರೂ ಅವರೇ. 2025-26ರ ಬಜೆಟ್ 12,618 ಕೋಟಿ ರೂಪಾಯಿ. ಅಷ್ಟು ದುಡ್ಡಿನಲ್ಲಿ ನಮ್ಮ ಕಡೆಯ ಚರಂಡಿಗೆ ಎಷ್ಟು, ನಲ್ಲಿಗೆ ಎಷ್ಟು ಅಂತ ನಾವು ಆರಿಸಿದ ಒಬ್ಬರೂ ಸಭೆಯಲ್ಲಿ ಎದ್ದು ನಿಂತು ಕೇಳಿಲ್ಲ, ಯಾಕಂದರೆ ಕೇಳೋದಕ್ಕೆ ಸಭೆಯೇ ಇರಲಿಲ್ಲ. ಒಬಿಸಿ ಮೀಸಲಾತಿಯ ಕೇಸು ಒಂದು ಕಡೆ, ಪ್ರಭಾಗ, ಅಂದರೆ ವಾರ್ಡು, ಹೇಗೆ ಮಾಡಬೇಕು ಅನ್ನೋ ಜಗಳ ಇನ್ನೊಂದು ಕಡೆ. 2025ರ ಮೇ 6ರಂದು ಸುಪ್ರೀಂ ಕೋರ್ಟ್ ನಾಲ್ಕು ತಿಂಗಳಲ್ಲಿ ಚುನಾವಣೆ ಮುಗಿಸಿ ಅಂತ ಹೇಳಿತು, ಅದೂ ಆಗದೆ ಕೊನೆಗೆ 2026ರ ಜನವರಿ 31ರ ಗಡುವು ಹಾಕಿತು. ಕೋರ್ಟ್ ಪಟ್ಟು ಹಿಡಿಯದಿದ್ದರೆ ಈ ವರ್ಷವೂ ಚುನಾವಣೆ ಆಗುತ್ತಿತ್ತು ಅಂತ ನನಗೆ ಅನ್ನಿಸೋದಿಲ್ಲ. ಬೆಂಗಳೂರಿನವರಿಗೆ ಈ ಕಥೆ ಗೊತ್ತು, ಅಲ್ಲಂತೂ 2020ರ ಸೆಪ್ಟೆಂಬರ್‌ನಿಂದ ಕಾರ್ಪೊರೇಟರ್‌ಗಳಿಲ್ಲ.

ನಗರಸೇವಕ ಇದ್ದಾಗ ಏನು ಮಹಾ ಕಿಸಿದರು ಅಂತ ಕೆಲವರು ಕೇಳುತ್ತಾರೆ. ಒಂದು ಮಾತು ಹೇಳುತ್ತೇನೆ. ಚರಂಡಿ ಉಕ್ಕಿದರೆ ಓಣಿಯ ನಾಲ್ಕು ಹೆಂಗಸರು ಬೆಳಗ್ಗೆ ಏಳಕ್ಕೆ ಅವನ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವನು ಲುಂಗಿಯಲ್ಲೇ ಹೊರಗೆ ಬಂದು, ಅವರ ಎದುರಿಗೇ ಜೂನಿಯರ್ ಇಂಜಿನಿಯರ್‌ಗೆ ಫೋನ್ ಹಚ್ಚುತ್ತಿದ್ದ. ಒಳ್ಳೆಯವನೋ ಕೆಟ್ಟವನೋ, ಮುಂದಿನ ಸಲ ಇದೇ ಹೆಂಗಸರ ವೋಟು ಬೇಕು ಅನ್ನೋದು ಅವನ ತಲೆಯಲ್ಲಿ ಇರುತ್ತಿತ್ತು. ಅಧಿಕಾರಿಗೆ ಆ ಚಿಂತೆ ಇಲ್ಲ. ವರ್ಗ ಆದರೆ ಬೇರೆ ಊರಿಗೆ ಹೋಗುತ್ತಾರೆ.

ಈಗ ಬರುವವರಾದರೂ ಒಬ್ಬರಾ ಅಂದರೆ, ಅಲ್ಲ, ನಾಲ್ಕು ಜನ. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಮುಂಬಯಿಯಲ್ಲಿ ಒಂದು ವಾರ್ಡಿಗೆ ಒಬ್ಬರು, 227 ವಾರ್ಡು, 227 ಜನ. ಪುಣೆಯಲ್ಲಿ 41 ಪ್ರಭಾಗ, 165 ನಗರಸೇವಕರು. 40 ಪ್ರಭಾಗಗಳಲ್ಲಿ ತಲಾ ನಾಲ್ವರು, ಕಾತ್ರಜ್ ಕಡೆಯ ಒಂದರಲ್ಲಿ ಐವರು. 2011ರ ಜನಗಣತಿ ಹಿಡಿದರೂ ಒಂದೊಂದು ಪ್ರಭಾಗದಲ್ಲಿ ಸರಾಸರಿ 80 ಸಾವಿರಕ್ಕಿಂತ ಜಾಸ್ತಿ ಜನ. ನಾನು ಇಂಡಿ ತಾಲ್ಲೂಕಿನವನು. ಇಂಡಿ ಪಟ್ಟಣ, ಸಿಂದಗಿ ಪಟ್ಟಣ ಎರಡನ್ನೂ ಕೂಡಿಸಿದರೆ ಸುಮಾರು ಅಷ್ಟಾಗಬಹುದು. ಎರಡು ಪುರಸಭೆಯಷ್ಟು ಜನಕ್ಕೆ ಇಲ್ಲಿ ನಾಲ್ಕೇ ಮಂದಿ, ಅದೂ ಯಾರಿಗೆ ಯಾವ ಓಣಿ ಅಂತ ಎಲ್ಲೂ ಬರೆದಿಲ್ಲ.

ಇದೇ ದೊಡ್ಡ ತೊಂದರೆ. 2017ರಲ್ಲಿ ಗೆದ್ದವರ ಕಾಲದಲ್ಲೇ ಇದನ್ನು ನೋಡಿದ್ದೇವೆ. ಒಬ್ಬರ ಹತ್ತಿರ ನೀರಿನ ವಿಷಯ ಎತ್ತಿದರೆ "ಆ ಭಾಗ ಅವರು ನೋಡ್ತಾರೆ" ಅನ್ನುತ್ತಿದ್ದರು, ಅವರ ಹತ್ತಿರ ಹೋದರೆ "ನನ್ನ ನಿಧಿ ರಸ್ತೆಗೆ ಹೋಯ್ತು, ನೀರಿಗೆ ಇವರನ್ನು ಕೇಳಿ" ಅನ್ನುತ್ತಿದ್ದರು. ಕೆಲಸ ಆದರೆ ನಾಲ್ವರ ಫೋಟೊ ಇರುವ ಫ್ಲೆಕ್ಸ್, ಆಗದಿದ್ದರೆ ನಾಲ್ವರಲ್ಲಿ ಒಬ್ಬರೂ ಸಿಗೋದಿಲ್ಲ. ಈ ಪದ್ಧತಿ ಜನ ಕೇಳಿ ತಂದದ್ದೂ ಅಲ್ಲ. ಪುಣೆಯಲ್ಲಿ 2007ರಲ್ಲಿ ವಾರ್ಡಿಗೆ ಒಬ್ಬರಿದ್ದರು, 2012ರಲ್ಲಿ ಇಬ್ಬರಾದರು, 2017ರಲ್ಲಿ ನಾಲ್ವರಾದರು. ಮುಂದೆ ಮೂವರು ಮಾಡುತ್ತೇವೆ ಅಂತ ಒಂದು ಸರಕಾರ ಹೊರಟಿತು, ಅದು ಬಿದ್ದು ಇನ್ನೊಂದು ಬಂದ ಮೇಲೆ ಮತ್ತೆ ನಾಲ್ಕಕ್ಕೇ ನಿಂತಿತು. ಯಾರಿಗೆ ಯಾವುದು ಅನುಕೂಲವೋ ಅದು. ದೊಡ್ಡ ಪ್ರಭಾಗದಲ್ಲಿ ದುಡ್ಡಿಲ್ಲದ, ಪಕ್ಷವಿಲ್ಲದ ಒಳ್ಳೆಯ ಮನುಷ್ಯ ಗೆಲ್ಲೋದು ಕಷ್ಟ ಅನ್ನೋದು ಎಲ್ಲ ಪಕ್ಷಕ್ಕೂ ಗೊತ್ತು.

ಹಾಗಾಗಿ ಮತಗಟ್ಟೆಯ ಒಳಗೆ ಒಂದು ಬಟನ್ ಒತ್ತಿ ಹೊರಗೆ ಬರಬೇಡಿ. ಅ, ಬ, ಕ, ಡ ಅಂತ ನಾಲ್ಕು ಸೀಟು ಇರುತ್ತವೆ, ನಾಲ್ಕಕ್ಕೂ ಬೇರೆ ಬೇರೆ ವೋಟು. ಒಂದರಲ್ಲಿ ಯಾರೂ ಬೇಡ ಅನ್ನಿಸಿದರೆ ಅಲ್ಲಿ ನೋಟಾ ಒತ್ತಿ. ನಾಲ್ಕೂ ಒಂದೇ ಪಕ್ಷಕ್ಕೆ ಹಾಕಬೇಕು ಅಂತ ಏನೂ ಇಲ್ಲ. ಪಕ್ಷದವರು "ಪೂರ್ತಿ ಪ್ಯಾನಲ್" ಅಂತ ಹೇಳುತ್ತಾ ಬರುತ್ತಾರೆ, ಅದು ಅವರ ಅನುಕೂಲಕ್ಕೆ. ನೀವು ಒಬ್ಬೊಬ್ಬರನ್ನೇ ನೋಡಿ ಹಾಕಿ. ಸೀಟುಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ಎಷ್ಟೋ ಕಡೆ ಪ್ರಚಾರಕ್ಕೆ ಬರೋದು ಗಂಡ, ಮಾತಾಡೋದು ಗಂಡ, ಫ್ಲೆಕ್ಸ್‌ನಲ್ಲೂ ಅವನ ಮುಖವೇ ದೊಡ್ಡದು. ಅಂಥವರು ಮನೆಗೆ ಬಂದಾಗ "ಅಕ್ಕ ಎಲ್ಲಿ, ಅವರನ್ನೇ ಕಳಿಸಿ, ಅವರ ಜೊತೆ ಮಾತಾಡ್ತೀವಿ" ಅನ್ನಿ. ನಮ್ಮ ಮನೆಯ ಹೆಂಗಸರು ಇದನ್ನು ಕೇಳಿದರೆ ಇನ್ನೂ ಚೆನ್ನ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ಚುನಾವಣೆಯಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ಇದ್ದವರು ಆ ದಿನಗಳನ್ನು ಮರೆತಿರಲಿಕ್ಕಿಲ್ಲ. ನಾಂದೇಡ್ ಗಾಂವ್, ಕಿರ್ಕಟವಾಡಿ, ಧಾಯರಿ, ಖಡಕ್‌ವಾಸ್ಲಾ ಈ ಭಾಗದಲ್ಲಿ ಜನಕ್ಕೆ ಮೊದಲು ವಾಂತಿ ಭೇದಿ, ಆಮೇಲೆ ಕೈಕಾಲು ಜೋಮು ಹಿಡಿದು ಶಕ್ತಿಯೇ ಇಲ್ಲದಂತಾಗೋದು, ಕೆಲವರಿಗೆ ಉಸಿರಾಡೋಕೆ ವೆಂಟಿಲೇಟರ್. ಜಿಬಿಎಸ್ (ಗಿಯಾನ್-ಬಾರೆ ಸಿಂಡ್ರೋಮ್) ಅನ್ನೋ ನರದ ಕಾಯಿಲೆಯ ಹೆಸರನ್ನು ಆಗಲೇ ನಾವೆಲ್ಲ ಮೊದಲು ಕೇಳಿದ್ದು. ಇನ್ನೂರಕ್ಕೂ ಹೆಚ್ಚು ಶಂಕಿತ ರೋಗಿಗಳು ಸಿಕ್ಕರು, ಸಾವುಗಳೂ ಆದವು. ಕಲುಷಿತ ನೀರು, ಆಹಾರದಿಂದ ಬರುವ ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಕೆಲವು ರೋಗಿಗಳ ತಪಾಸಣೆಯಲ್ಲಿ ಕಂಡಿತು. ನಾಂದೇಡ್‌ನ ಬಾವಿಯಿಂದ ಊರುಗಳಿಗೆ ಹೋಗುತ್ತಿದ್ದ ನೀರಿಗೆ ಶುದ್ಧೀಕರಣ ಘಟಕವೇ ಇರಲಿಲ್ಲ, ಬ್ಲೀಚಿಂಗ್ ಹಾಕಿ ಬಿಡುತ್ತಿದ್ದರು. ಆಗ ಮನೆಮನೆಯಲ್ಲಿ ಗ್ಯಾಸ್ ಮೇಲೆ ದೊಡ್ಡ ಪಾತ್ರೆಯಿಟ್ಟು ದಿನಾ ನೀರು ಕುದಿಸೋದೇ ಒಂದು ಕೆಲಸವಾಯಿತು. ಜಾರ್ ನೀರು ತರೋಣ ಅಂದರೆ ಖಾಸಗಿ ಆರ್‌ಒ ಘಟಕಗಳ ನೀರೂ ಸರಿಯಿಲ್ಲ ಅಂತ ಪಾಲಿಕೆ ಹಲವಕ್ಕೆ ಬೀಗ ಹಾಕಿತು. ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ಇರುವ ನಮ್ಮ ಜನ ಎಷ್ಟು ಗ್ಯಾಸ್ ಸುಟ್ಟು ಎಷ್ಟು ನೀರು ಕುದಿಸಬೇಕು ಹೇಳಿ.

ಖಡಕ್‌ವಾಸ್ಲಾ ಅಂದರೆ ಪುಣೆಗೆ ನೀರು ಕೊಡುವ ಅಣೆಕಟ್ಟು ಇರುವ ಊರು. ಆ ಊರಿನ ಸುತ್ತಲಿನವರಿಗೇ ಶುದ್ಧ ನೀರಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ. ಇದಕ್ಕೆ ಕಾರಣ ರಾಜಕೀಯವೇ. 2017ರಲ್ಲಿ 11 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದರು, 2021ರಲ್ಲಿ ಇನ್ನೂ 23. ನಾಂದೇಡ್, ನರ್ಹೆ, ಕಿರ್ಕಟವಾಡಿ, ಖಡಕ್‌ವಾಸ್ಲಾ ಎಲ್ಲ ಈ 23ರಲ್ಲಿ ಬರುತ್ತವೆ. ಸೇರಿಸಿದ ಮೇಲೆ ಗ್ರಾಮ ಪಂಚಾಯತಿ ಹೋಯಿತು, ಸರಪಂಚ ಹೋದ. ಪಾಲಿಕೆಯಲ್ಲಿ ನಗರಸೇವಕ ಸಿಗಬೇಕಿತ್ತು, ಸಿಗಲಿಲ್ಲ, ಯಾಕಂದರೆ ಚುನಾವಣೆಯೇ ಆಗಲಿಲ್ಲ. ಅಲ್ಲಿಯ ಜನಕ್ಕೆ ನಾಲ್ಕೂವರೆ ವರ್ಷ ಅತ್ತ ಹಳ್ಳಿಯೂ ಇಲ್ಲ, ಇತ್ತ ನಗರವೂ ಇಲ್ಲ. ಇದು ಅವರ ಮೊದಲ ಪಾಲಿಕೆ ಚುನಾವಣೆ. ಬಾಡಿಗೆ ಸ್ವಲ್ಪ ಕಡಿಮೆ ಅಂತ ನಮ್ಮವರು ಬಂದು ನೆಲೆಸಿರೋದು ಜಾಸ್ತಿ ಇಂಥ ಹಳ್ಳಿಗಳಲ್ಲೇ, ಅಲ್ವಾ? ದೊಡ್ಡ ಸೊಸೈಟಿಗಳವರು ಟ್ಯಾಂಕರ್ ತರಿಸಿಕೊಳ್ಳುತ್ತಾರೆ, ತಿಂಗಳ ಮೆಂಟೆನೆನ್ಸ್‌ನಲ್ಲಿ ಅದರ ದುಡ್ಡು ಕಟ್ಟುತ್ತಾರೆ. ಚಾಳಿನವರು ಟ್ಯಾಂಕರ್ ಹಿಂದೆ ನೀಲಿ ಡ್ರಮ್ ಹಿಡಿದು ನಿಲ್ಲುತ್ತಾರೆ, ಅವತ್ತು ಟ್ಯಾಂಕರ್ ತಡವಾದರೆ ಕೂಲಿಯೂ ಹೋಯಿತು.

ಅದಕ್ಕೇ ಹೇಳೋದು, ಈ ಪ್ರಭಾಗಗಳಲ್ಲಿ ನಿಂತ ಒಬ್ಬೊಬ್ಬ ಅಭ್ಯರ್ಥಿಗೂ ಒಂದೇ ಪ್ರಶ್ನೆ ಹಾಕಬೇಕು. ಶುದ್ಧೀಕರಣ ಘಟಕ ಎಲ್ಲಿ, ಯಾವಾಗ? ನಾಲ್ವರಲ್ಲಿ ಯಾರು ಅದರ ಹಿಂದೆ ಬೀಳುತ್ತಾರೆ? ಹೆಸರು ಹೇಳಲಿ. "ಎಲ್ಲರೂ ಸೇರಿ ಮಾಡ್ತೀವಿ" ಅನ್ನುವ ಉತ್ತರವನ್ನು ಒಪ್ಪಬೇಡಿ.

ಇನ್ನೊಂದು ಜಾಗ ನವಲೆ ಸೇತುವೆ. ಇದು ನಮ್ಮ ಊರಿನ ದಾರಿ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ರಾತ್ರಿ ಬಸ್ಸು ಹಿಡಿಯೋಕೆ ಚೀಲ, ಮಕ್ಕಳು, ನೀರಿನ ಬಾಟಲಿ ಸಮೇತ ಎಷ್ಟು ಜನ ಅಲ್ಲಿ ರಸ್ತೆ ಬದಿಗೆ ನಿಂತಿರುತ್ತಾರೆ ಅಂತ ಸಂಜೆ ಒಮ್ಮೆ ಹೋಗಿ ನೋಡಿ. ಕಾತ್ರಜ್‌ನ ಹೊಸ ಸುರಂಗದಿಂದ ಕೆಳಗೆ ಒಂದೇ ಸಮ ಇಳಿಜಾರು. ಲೋಡ್ ಆದ ಗಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಅಥವಾ ಬ್ರೇಕ್ ಕೈಕೊಟ್ಟರೆ ಮುಗಿಯಿತು. 2022ರ ನವೆಂಬರ್‌ನಲ್ಲಿ ಒಂದು ದೊಡ್ಡ ಗಾಡಿ ಹತ್ತಾರು ಗಾಡಿಗಳಿಗೆ ಗುದ್ದಿತು. 2025ರ ನವೆಂಬರ್ 13ರಂದು ಕಂಟೇನರ್ ಒಂದು ಹಿಡಿತ ತಪ್ಪಿ ಬಂದು ಗುದ್ದಿ, ಬೆಂಕಿ ಹತ್ತಿ, ಎಂಟು ಜನ ಸತ್ತರು. ಹೆದ್ದಾರಿ ನಮ್ಮದಲ್ಲ, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು ಅಂತ ಅಭ್ಯರ್ಥಿಗಳು ಹೇಳುತ್ತಾರೆ. ನಿಜ. ಆದರೆ ಸರ್ವೀಸ್ ರಸ್ತೆಗೆ ಜಾಗ, ಜನ ದಾಟೋ ದಾರಿ, ಬಸ್ಸಿಗೆ ಕಾಯೋರು ನಿಲ್ಲೋಕೆ ಒಂದು ಸುರಕ್ಷಿತ ಜಾಗ, ಇವು ಪಾಲಿಕೆ ಕೈಜೋಡಿಸದೆ ಆಗೋ ಕೆಲಸಗಳಲ್ಲ. ಬಸ್ಸುಗಳಿಗೆ ಅಲ್ಲೊಂದು ಸರಿಯಾದ ನಿಲ್ದಾಣ ಮಾಡಿಸುತ್ತೇನೆ ಅಂತ ಬರೆದುಕೊಡುವವರಿಗೆ ನಾನು ಪಕ್ಷ ನೋಡದೆ ವೋಟು ಹಾಕುತ್ತೇನೆ.

ಪಿಎಂಪಿಎಂಎಲ್, ಅಂದರೆ ಪುಣೆಯ ಸಿಟಿ ಬಸ್ಸಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ದಿನಾ ಓಡಾಡುವವರಿಗೆ ಗೊತ್ತು. 2025ರ ಜೂನ್ 1ರಿಂದ ಕನಿಷ್ಠ ಟಿಕೆಟ್ 5 ರೂಪಾಯಿ ಇದ್ದದ್ದು 10 ಆಯಿತು. ಸದನ ಇದ್ದಿದ್ದರೆ ಯಾರಾದರೂ ಎದ್ದು ಗಲಾಟೆ ಮಾಡುತ್ತಿದ್ದರು. ಮನೆಕೆಲಸಕ್ಕೆ ಎರಡು ಬಸ್ಸು ಬದಲಿಸಿ ಹೋಗುವ ಹೆಂಗಸಿಗೆ ತಿಂಗಳಿಗೆ ಎಷ್ಟು ಹೊರೆ ಆಯಿತು ಅಂತ ಕೇಳುವವರೇ ಇರಲಿಲ್ಲ. ಮನೆ ತೆರಿಗೆಯದೂ ಹೀಗೇ. ಸ್ವಂತ ಮನೆಯಲ್ಲಿ ತಾನೇ ಇರುವವರಿಗೆ 1970ರಿಂದ ಇದ್ದ 40 ಶೇಕಡಾ ರಿಯಾಯಿತಿ ನಡುವೆ ಹೋಯಿತು, 2023ರಲ್ಲಿ ವಾಪಸ್ ಬಂತು. ಅದಕ್ಕೆ ಪಿಟಿ-3 ಫಾರಂ ತುಂಬಬೇಕು ಅನ್ನೋದು ಇನ್ನೂ ಎಷ್ಟೋ ಮನೆಯವರಿಗೆ ಗೊತ್ತಿಲ್ಲ. ಪ್ರಚಾರಕ್ಕೆ ಬಂದವರ ಕೈಯಲ್ಲೇ ಆ ಫಾರಂ ತರಿಸಿಕೊಳ್ಳಿ.

ಟಿವಿ ಹಾಕಿದರೆ ಇದ್ಯಾವುದೂ ಇಲ್ಲ. ಎರಡು ರಾಷ್ಟ್ರವಾದಿ ಕಾಂಗ್ರೆಸ್‌ಗಳು ಪುಣೆಯಲ್ಲಿ ಮತ್ತೆ ಕೂಡಿದವು, ರಾಜ್ಯದಲ್ಲಿ ಒಟ್ಟಿಗೆ ಸರಕಾರ ನಡೆಸುವ ಬಿಜೆಪಿ ಮತ್ತು ಅಜಿತ್ ಪವಾರ್ ಪಕ್ಷ ಇಲ್ಲಿ ಎದುರಾಬದುರು ನಿಂತಿವೆ, ಪಕ್ಷದ ಟಿಕೆಟಿನ ಎಬಿ ಫಾರಂ ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು, ಯಾರು ರಾತ್ರೋರಾತ್ರಿ ಯಾವ ಕಡೆ ಹಾರಿದರು. ಕೇಳೋಕೆ ರುಚಿಯಾಗಿರುತ್ತದೆ. ಆದರೆ ಅದರಿಂದ ನಮ್ಮ ನಲ್ಲಿಯಲ್ಲಿ ನೀರು ಬರೋದಿಲ್ಲ.

ಇನ್ನು ನಮ್ಮವರ ವಿಷಯ. ಬೆಳಗ್ಗೆ ಎಂಟಕ್ಕೆ, ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಯಾವುದಾದರೂ ಮಜೂರ್ ಅಡ್ಡಾಕ್ಕೆ ಹೋಗಿ ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರದ ಮಾತು ಕಿವಿಗೆ ಬೀಳುತ್ತದೆ. ಡಬ್ಬಿ, ಥಾಪಿ, ಪುಟ್ಟಿ ಹಿಡಿದು ನಿಂತಿರುತ್ತಾರೆ. ಮೊನ್ನೆ ಒಬ್ಬ ಹಿರಿಯರನ್ನು "ಕಾಕಾ, ವೋಟು ಹಾಕ್ತೀರೇನು" ಅಂತ ಕೇಳಿದೆ. "ನಮ್ದು ಇಲ್ಲೇನೈತಪಾ, ವೋಟು ಊರಾಗ ಐತಿ" ಅಂದರು. ಅವರು ಪುಣೆಗೆ ಬಂದಾಗ ಈಗಿನ ಮೊಮ್ಮಕ್ಕಳ ಅಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದನಂತೆ. ಊರಿನ ಪಂಚಾಯತಿ ಚುನಾವಣೆಗೆ ಜೀಪು ಬಂದು ಕರೆದುಕೊಂಡು ಹೋಗುತ್ತದೆ, ಹೋಗುತ್ತಾರೆ, ಒಂದು ವೋಟು ಹಾಕಿ ಮರಳಿ ಬರುತ್ತಾರೆ. ಆದರೆ ಅವರು ಕುಡಿಯುವ ನೀರು ಇಲ್ಲಿಯದು, ಕಾಯಿಲೆ ಬಿದ್ದರೆ ಹೋಗೋ ದವಾಖಾನೆ ಇಲ್ಲಿಯದು, ಮೊಮ್ಮಕ್ಕಳು ಹೋಗೋ ಶಾಲೆ ಇಲ್ಲಿಯ ಪಾಲಿಕೆಯದು. ವರ್ಷಕ್ಕೆ ಹದಿನೈದು ದಿನ ಇರುವ ಊರಿನಲ್ಲಿ ಇವರ ಮಾತಿಗೆ ಬೆಲೆ, ಉಳಿದಷ್ಟೂ ದಿನ ಇರುವ ಊರಿನಲ್ಲಿ ಇಲ್ಲ. ಇವರ ಶೆಡ್ಡುಗಳ ಕಡೆ ಯಾಕೆ ಯಾರೂ ತಿರುಗಿ ನೋಡೋದಿಲ್ಲ ಅನ್ನೋದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹೊಸದಾಗಿ ಹೆಸರು ಸೇರಿಸೋದಕ್ಕೆ ಈ ಚುನಾವಣೆಗೆ ಕಾಲ ಮೀರಿತು. 2025ರ ಜುಲೈ 1ರಂದು ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ಅವಕಾಶ. ಆದರೆ ಇದ್ದವರೇ ಲಕ್ಷಾಂತರ ಜನ, ಪುಣೆಯಲ್ಲಿ ಒಟ್ಟು ಮತದಾರರು 35 ಲಕ್ಷಕ್ಕೂ ಹೆಚ್ಚು. ಕರಡು ಪಟ್ಟಿಯಲ್ಲಿ ಎಷ್ಟೋ ಜನರ ಹೆಸರು ಪಕ್ಕದ ಪ್ರಭಾಗಕ್ಕೆ ಹೋಗಿತ್ತು ಅಂತ ಬಹಳ ಗದ್ದಲವಾಯಿತು. ನಿಮ್ಮದು ಎಲ್ಲಿದೆ ಅಂತ ಈಗಲೇ ನೋಡಿಕೊಳ್ಳಿ, ಮತದಾನದ ದಿನ ಮೂರು ಶಾಲೆ ಅಲೆಯೋದು ಬೇಡ. ಹೆಸರು ಇಲ್ಲೂ ಇದ್ದು ಊರಲ್ಲೂ ಇದ್ದರೆ ಅದು ಕಾನೂನಿಗೆ ವಿರುದ್ಧ, ಊರಿನದನ್ನು ತೆಗೆಸಿ. ಬರೀ ಊರಲ್ಲಿದ್ದು ಇಲ್ಲಿ ಇಲ್ಲದವರು ಮುಂದಿನ ಚುನಾವಣೆಗಾದರೂ ಫಾರಂ 8 ತುಂಬಿ ಹೆಸರು ಇಲ್ಲಿಗೆ ತನ್ನಿ.

"ನಾವು ಹೊರಗಿನವರು, ಇಲ್ಲಿಯ ರಾಜಕೀಯ ನಮಗ್ಯಾಕೆ, ಸುಮ್ನೆ ದುಡಿದುಕೊಂಡು ಇರೋಣ" ಅನ್ನುವ ಮಾತು ನಮ್ಮಲ್ಲಿ ಬಹಳ. ಭಾಷೆಯ ಹೆಸರಲ್ಲಿ ಗಲಾಟೆ ಆದಾಗಲೆಲ್ಲ ಈ ಮಾತು ಇನ್ನೂ ಜೋರಾಗುತ್ತದೆ. ನಾನು ಒಪ್ಪೋದಿಲ್ಲ. ತೆರಿಗೆ ಕಟ್ಟುವಾಗ ನಾವು ಹೊರಗಿನವರಲ್ಲ, ಈ ಊರಿನ ಕಟ್ಟಡ ಕಟ್ಟುವಾಗ, ಹೋಟೆಲ್ ನಡೆಸುವಾಗ, ಕಂಪನಿಗಳಲ್ಲಿ ದುಡಿಯುವಾಗ ಹೊರಗಿನವರಲ್ಲ. ಹಾಗಂತ ಕನ್ನಡದವರು ನಿಂತಿದ್ದಾರೆ ಅಂತ ಕಣ್ಣು ಮುಚ್ಚಿ ಅವರಿಗೇ ಹಾಕಿ ಅಂತಲೂ ನಾನು ಹೇಳೋದಿಲ್ಲ. ಪಕ್ಕದ ಮನೆಯ ಮರಾಠಿಯವರಿಗೆ ಬೇಕಾದ ನೀರೇ ನಮಗೂ ಬೇಕಾದದ್ದು. ಅವರ ಜೊತೆ ಸೇರಿಯೇ ಕೇಳಬೇಕು. ಕನ್ನಡದಲ್ಲಿ "ನಮಸ್ಕಾರ" ಅಂದ ಮಾತ್ರಕ್ಕೆ ಅಭ್ಯರ್ಥಿಗೆ ಅಂಕ ಕೊಡಬೇಡಿ.

ಪುಣೆಯಲ್ಲಿ ನಮ್ಮ ಸಂಘಗಳು ಬಹಳ ಇವೆ. ಚುನಾವಣೆ ಬಂದಾಗ ಅಭ್ಯರ್ಥಿಯನ್ನು ಕರೆದು ಶಾಲು ಹೊದಿಸಿ, ಪೇಟ ತೊಡಿಸಿ, ಫೋಟೊ ತೆಗೆಸಿಕೊಂಡು ಕಳಿಸುವ ಅಭ್ಯಾಸ ಎಲ್ಲ ಕಡೆ ಇದೆ. ಈ ಸಲ ದಯವಿಟ್ಟು ಶಾಲು ಬಿಡಿ. ಒಂದೇ ಪ್ರಭಾಗದ ಎಲ್ಲ ಪಕ್ಷದವರನ್ನೂ ಒಂದೇ ಸಂಜೆ ಕರೆದು ಕೂರಿಸಿ, ನೀರು, ಬಸ್ಸು, ನವಲೆ ಸೇತುವೆ ಇವುಗಳ ಬಗ್ಗೆ ಕೇಳಿ, ಯಾರು ಏನು ಒಪ್ಪಿಕೊಂಡರು ಅಂತ ಬರೆದಿಟ್ಟುಕೊಳ್ಳಿ. ಸಂಪಾದಕರೇ, ಆ ಬರೆದದ್ದನ್ನು ನಿಮ್ಮ ಪತ್ರಿಕೆಯಲ್ಲಿ ಹಾಕಿದರೆ ತುಂಬಾ ಉಪಕಾರ. ಆರು ತಿಂಗಳ ಮೇಲೆ ಅದೇ ಕಾಗದ ಹಿಡಿದು ಅವರ ಮನೆ ಬಾಗಿಲಿಗೆ ಹೋಗಬಹುದು.

ಊರಿಗೆ ಹೋಗುವವರಿಗೆ ಹೇಳೋದಿಷ್ಟು. ಜಾತ್ರೆಗೆ ಹೋಗಲೇಬೇಕು ಅಂದರೆ ಮೊದಲೇ ಹೋಗಿ, ಸಂಕ್ರಮಣದ ಎಳ್ಳು ಬೆಲ್ಲ ಹಂಚಿ, 14ರ ರಾತ್ರಿ ಬಸ್ಸಿಗೆ ಮರಳಿ ಬನ್ನಿ. ಬೆಳಗ್ಗೆ ಇಳಿದು ಮುಖ ತೊಳೆದುಕೊಂಡು ಮತಗಟ್ಟೆಗೆ ಹೋಗಬಹುದು, ಮತದಾನ ಏಳೂವರೆಯಿಂದ ಸಂಜೆ ಐದೂವರೆವರೆಗೆ ಇರುತ್ತದೆ. ಕರಿ ದಿನ ಪ್ರಯಾಣ ಬೇಡ ಅನ್ನುವ ಹಿರಿಯರಿದ್ದರೆ ಹಬ್ಬ ಇಲ್ಲೇ ಮಾಡಿ, ವೋಟು ಹಾಕಿ, 16ಕ್ಕೆ ಎಣಿಕೆ ಮುಗಿದ ಮೇಲೆ ರಾತ್ರಿ ಬಸ್ಸು ಹತ್ತಿ. ಊರಲ್ಲಿರುವ ಅಪ್ಪ ಅಮ್ಮಂದಿರೇ, ಈ ಒಂದು ಸಲ "ವೋಟು ಹಾಕೇ ಬಾರಪಾ" ಅಂತ ನೀವೇ ಫೋನ್ ಮಾಡಿ ಹೇಳಿ.

ಇತಿ,
ಇಂಡಿ ತಾಲ್ಲೂಕಿನ ಒಬ್ಬ ಓದುಗ,
ಸಿಂಹಗಡ ರಸ್ತೆ, ಪುಣೆ